ಫುಕುವಾ, ಫುಕಿಯಾ

ಹಳೇ ಕಾಲದ ಕುರುಹು ಹುಡುಕುತ್ತಾ ಐದು ವಾರ ಅಗೆದ ಗುಂಡಿ ಮುಚ್ಚೋದಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ಒಂದು ಬೆಳಿಗ್ಗೆ ಸಾಕು. ಮಂಗಳವಾರ ಎಂಟಕ್ಕೆ ಶುರು ಮಾಡಿದೆವು. ಮಧ್ಯಾಹ್ನದ ನಮಾಜಿನ ಕೂಗು ಕೇಳುವಷ್ಟರಲ್ಲಿ ಮುಗಿದೇ ಹೋಯಿತು.

ಮೊದಲ ಬಾಂಡ್ಲಿ ಮಣ್ಣು ಸುರಿದವರು ಬಾಬು. ಬಾಬು ಅಂದರೆ ಇಲ್ಲಿ, ಪೂರ್ವ ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ, ಅಜ್ಜ; ನಮ್ಮ ಜೊತೆ ಅಗೆಯುವ ಈ ಊರಿನವರು. ಬಾಂಡ್ಲಿಗೆ ಇವರು ಕರಾಯಿ ಅಂತಾರೆ, ನಮ್ಮ ಕಡಾಯಿಯೇ ಹಡಗು ಹತ್ತಿ ಬಂದಿದ್ದು. ಸುರಿದು, ಸೊಂಟ ನೆಟ್ಟಗೆ ಮಾಡಿಕೊಂಡು, ನನ್ನ ಕಡೆ ತಿರುಗಿ ಅಂದರು: “ಜಾನಾ ಕುಫುಕುವಾ, ಲೇಯೋ ಕುಫುಕಿಯಾ.” ನಿನ್ನೆ ಅಗೆಯೋದು, ಇವತ್ತು ಮುಚ್ಚೋದು. ಸ್ವಾಹಿಲಿಯಲ್ಲಿ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಹೇಳಿ ನಕ್ಕರು. ಆ ನಗು ಮೂರು ದಿನದಿಂದ ತಲೆಯಲ್ಲೇ ಕೂತಿದೆ. ತಮಾಷೆಗೆ ನಕ್ಕರೋ, ಚುಚ್ಚಿದರೋ, ಇನ್ನೂ ಗೊತ್ತಾಗಿಲ್ಲ.

ಜಾಂಜಿಬಾರಿನ ದಕ್ಷಿಣ ತೀರದಲ್ಲಿರುವ ಈ ಉಂಗುಜಾ ಉಕೂ ಈಗ ತೆಂಗು, ಮರಗೆಣಸು, ಮೇಕೆಗಳ ಊರು. 7ನೇ ಶತಮಾನದಿಂದ ಮೂರ್ನಾಲ್ಕು ನೂರು ವರ್ಷ ಇದು ದೊಡ್ಡ ಬಂದರಾಗಿತ್ತು. ಪರ್ಷಿಯನ್ ಕೊಲ್ಲಿಯ ಹಸಿರು-ನೀಲಿ ಮೆರುಗಿನ ಮಡಕೆ, ಚೀನಾದ ಪಾತ್ರೆ ಚೂರು, ಶ್ರೀಲಂಕಾ ಇಲ್ಲವೇ ದಕ್ಷಿಣ ಭಾರತದ ಕಡೆಯಿಂದ ಬಂದ ಗಾಜಿನ ಮಣಿ ಎಲ್ಲ ಈ ಮಣ್ಣಲ್ಲಿದೆ. ನಮ್ಮ ಉಪಖಂಡದ ಕಪ್ಪು ಇಲಿಯ ಮೂಳೆ ಕೂಡ. ಟಿಕೆಟ್ ಇಲ್ಲದೆ ಬಂದ ಪ್ರಯಾಣಿಕ. ಜಾಂಜಿಬಾರಿನವರೇ ಆದ ಅಬ್ದುರಹಮಾನ್ ಜುಮಾ ಇಲ್ಲಿ ಅಗೆದು 2004ರಲ್ಲಿ ಪಿಎಚ್‌ಡಿ ಪ್ರಬಂಧ ಬರೆದರು. ನಮ್ಮದು ಅವರ ಹಿಂದೆ ಬಂದವರ ಎರಡು ಮೀಟರಿನ ಸಣ್ಣ ಗುಂಡಿ.

ನನ್ನ ಕೆಲಸ ಮಣ್ಣು ತೇಲಿಸೋದು. ಬಕೆಟ್ ನೀರಿಗೆ ಮಣ್ಣು ಹಾಕಿ ಕೈಯಾಡಿಸಿದರೆ ಇದ್ದಿಲು, ಸುಟ್ಟ ಕಾಳು ಮೇಲೆ ಬರುತ್ತವೆ. ಅದನ್ನು ಸಣ್ಣ ಕಣ್ಣಿನ ಜರಡಿಗೆ ಬಗ್ಗಿಸಿ ಒಣಗಿಸಬೇಕು. ನಾಲ್ಕನೇ ವಾರ ಒಂದು ಸಜ್ಜೆ ಕಾಳಿನ ಪಕ್ಕ ಇನ್ನೊಂದು ಸಿಕ್ಕಿತು, ದುಂಡಗೆ, ಕರ್ರಗೆ. ಭೂತಗನ್ನಡಿಯಲ್ಲಿ ನೋಡಿದೆ. ರಾಗಿ ಥರಾನೇ ಇತ್ತು. ಲ್ಯಾಬಿನವರು ಹೌದು ಅನ್ನುವ ತನಕ ಬಾಯಿ ಬಿಡಬೇಡ ಅಂದರು ಪ್ರೊಫೆಸರು. ಅಮ್ಮನಿಗೆ ಅವತ್ತೇ ಫೋನ್ ಮಾಡಿದೆ.

“ಚಿನ್ನ ಏನಾದ್ರೂ ಸಿಕ್ತೇನೇ?”

“ಇಲ್ಲಮ್ಮ, ಒಂದು ರಾಗಿ ಕಾಳು.”

“ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಮನೇಲಿ ಐವತ್ತು ಕೆಜಿ ಬಿದ್ದಿದೆ.”

ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು, ನಾವು ಮುದ್ದೆ ಕಟ್ಟೋಕೆ ಶುರು ಮಾಡಿದ್ದು ಆಮೇಲೆ ಅಂದೆ. ಮಂಡ್ಯದಲ್ಲಿ ಹುಟ್ಟಿದವಳ ಎದುರು ಆಡುವ ಮಾತಲ್ಲ ಅದು. ಅಮ್ಮ ಫೋನ್ ಇಟ್ಟೇಬಿಟ್ಟರು.

ಬಾಬು ಆ ಕಾಳನ್ನು ಬರಿಗಣ್ಣಲ್ಲೇ ನೋಡಿ “ಉಲೇಜಿ” ಅಂದರು. ರಾಗಿಗೆ ಇಲ್ಲಿನ ಹೆಸರು. ಲ್ಯಾಬ್ ಬೇಕಾಗಲಿಲ್ಲ. ಅವರು ಎಲ್ಲದರಲ್ಲೂ ಹೀಗೇ. ನಾನು ಮಣ್ಣಿನ ಬಣ್ಣ ಹೋಲಿಸಿ ನೋಡುವ ಮನ್ಸೆಲ್ ಪುಸ್ತಕ ಹಿಡಿದು ಇದು ಕಂದೋ ಕಡು ಕಂದೋ ಅಂತ ಒದ್ದಾಡುತ್ತಿದ್ದರೆ, ಅವರು ಕರಣೆಯ ಹಿಡಿಯಿಂದ ನೆಲ ಕುಟ್ಟಿ, ಸದ್ದು ಕೇಳಿ, ಇಲ್ಲಿಂದ ಬೇರೆ ಪದರ ಅನ್ನೋರು. ನಾನು ಕಂಡ ಹಾಗೆ ಒಂದು ಸಲವೂ ತಪ್ಪಲಿಲ್ಲ. ವರದಿಯಲ್ಲಿ ಅವರು ಬರೋದು ಮಾತ್ರ ‘ಸ್ಥಳೀಯ ಕೆಲಸಗಾರರಿಗೆ ಕೃತಜ್ಞತೆ’ ಅನ್ನುವ ಕೊನೇ ಸಾಲಿನಲ್ಲಿ. ನಮ್ಮ ತಂಡದಲ್ಲೊಬ್ಬ ಇದ್ದಾನೆ, ಮಣಿ ಸಿಕ್ಕಾಗಲೆಲ್ಲ ಅಂಗೈಯಲ್ಲಿಟ್ಟು ಫೋಟೊ ತೆಗೆಸಿಕೊಳ್ತಾನೆ, ಜರಡಿ ಹಿಡಿ ಅಂದರೆ ಬೆನ್ನುನೋವು. ಅವನ ಹೆಸರು ಬರುತ್ತೆ ಬಿಡಿ.

ಮುಚ್ಚೋದು ಸರಿ ಅಂತ ನನಗೂ ಗೊತ್ತು. ಬಿಟ್ಟರೆ ಮಳೆಗೆ ಗೋಡೆ ಕುಸಿಯುತ್ತೆ, ಮೇಕೆ ಬೀಳುತ್ತೆ. ಮುಂದಿನವರಿಗೆ ಅಂತ ಪಕ್ಕದ ನೆಲ ಮುಟ್ಟದೆ ಬಿಡೋದೂ ಸರಿ. ಹಿಂದೆ ಎಷ್ಟೋ ಕಡೆ ಮಣಿ, ಮಡಕೆ ಆರಿಸಿಕೊಂಡು ಕಾಳಿದ್ದ ಮಣ್ಣನ್ನು ಹಾಗೇ ಆಚೆ ಎಸೆದಿದ್ದಾರೆ. ಮುಂದೆ ಬರೋರು ನಮ್ಮನ್ನೂ ಹೀಗೇ ಬೈಯಬಹುದು.

ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಪ್ರೊಫೆಸರು ಹೊಸ ಇನ್ನೂರು ಶಿಲ್ಲಿಂಗಿನ ನಾಣ್ಯ ಇಟ್ಟರು. ಇಲ್ಲೀವರೆಗೆ ನಾವು ಅಗೆದಿದ್ದೇವೆ ಅಂತ ಮುಂದಿನವರಿಗೆ ಗುರುತು. “ನಮ್ಮ ಕೂಲೀನ ಅಲ್ಲೇ ಹಾಕ್ತಿದ್ದೀರಾ?” ಅಂದರು ಬಾಬು. ಎಲ್ಲರೂ ನಕ್ಕೆವು. ನಾನು ಸ್ವಲ್ಪ ಕಡಿಮೆ.

ಬಾಂಡ್ಲಿ ಕೈ ಬದಲಾಗುತ್ತಿರುವಾಗ ಅರೆಬರೆ ಸ್ವಾಹಿಲಿಯಲ್ಲಿ ಅವರಿಗೆ ನಮ್ಮ ತಾತನ ಹಗೇವಿನ ಕಥೆ ಹೇಳಿದೆ. ನೆಲದೊಳಗೆ ಹೂಜಿಯಂಥ ಗುಂಡಿ, ಸುತ್ತ ಹುಲ್ಲು, ನಡುವೆ ರಾಗಿ, ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು. ವರ್ಷಗಟ್ಟಲೆ ಹುಳ ಬೀಳಲ್ಲ. ತೆಗೆದ ತಕ್ಷಣ ಇಳಿಯೋ ಹಾಗಿಲ್ಲ, ಒಳಗಿನ ಗಾಳಿ ಕೆಟ್ಟಿರುತ್ತೆ, ದೀಪ ಇಳಿಬಿಟ್ಟು ನೋಡಬೇಕು. ಮುಚ್ಚೋದು ಅಂದರೆ ಕೂಡಿಡೋದು ಬಾಬು, ಅಂದೆ. ದೊಡ್ಡ ಮಾತು ಆಡಿದೆ ಅಂತ ಒಳಗೊಳಗೇ ಖುಷಿ.

ಅವರು ಗಮನವಿಟ್ಟು ಕೇಳಿದರು. “ಯಾರು ತೆಗೀತಾರೆ ಅದನ್ನ?”

“ಹಾಕಿದವರೇ. ಇಲ್ಲ ಅವರ ಮಕ್ಕಳು, ಮೊಮ್ಮಕ್ಕಳು.”

“ಇದನ್ನ?” ಗುದ್ದಲಿ ತುದಿಯಿಂದ ಗುಂಡಿ ತೋರಿಸಿದರು. “ನಮ್ಮ ಮೊಮ್ಮಕ್ಕಳಾ, ನಿಮ್ಮ ಮೊಮ್ಮಕ್ಕಳಾ?”

ಉತ್ತರಕ್ಕೆ ಕಾಯಲಿಲ್ಲ. ಕರಾಯಿ ಎತ್ತಿಕೊಂಡು ಹೋದರು. ಕಾಯ್ದಿದ್ದರೂ ನನ್ನ ಹತ್ತಿರ ಏನೂ ಇರಲಿಲ್ಲ. ಆ ರಾಗಿ ಕಾಳು ಆಗಲೇ ಸಣ್ಣ ಡಬ್ಬಿಯಲ್ಲಿ, ನಂಬರ್ ಹಚ್ಚಿಕೊಂಡು, ವಿಮಾನ ಹತ್ತೋ ಪೆಟ್ಟಿಗೆಯೊಳಗಿತ್ತು.

ಬುಧವಾರ ಬೆಳಿಗ್ಗೆ ಬ್ಯಾಗ್ ಹೊತ್ತು ಅದೇ ದಾರಿಯಲ್ಲಿ ಬಂದೆ. ಬಾಬು ಮನೆ ಮುಂದೆ ಕೂತಿದ್ದರು. “ಶಿಕಮೋ” ಅಂದೆ, ಕಾಲಿಗೆ ಬಿದ್ದೆ ಅಂದ ಹಾಗೆ. “ಮರಹಬಾ” ಅಂದರು. ಅಷ್ಟೇ. ಹೊಲದ ಒಡತಿ ಆಗಲೇ ಏರು ಮಾಡಿ, ನಮ್ಮ ಗುಂಡಿ ಇದ್ದ ಕಡೆ ಮರಗೆಣಸಿನ ಕಡ್ಡಿ ನೆಟ್ಟಿದ್ದಳು. ನಿಂತು ಎಣಿಸಿದೆ. ಹನ್ನೊಂದು.