ಗಾಳಿ ಬಡಿಯುವ ದಡ

ಭಾನುವಾರ, 12 ಅಕ್ಟೋಬರ್ 2025

ಬೆಳಕು ಹರಿಯುವ ಮೊದಲೇ ಕೆರೆ ತಲುಪಿದೆವು. ಗೆಳೆಯ ಬಂದವನೇ ಮರದ ಕೆಳಗಿನ ಸಮತಟ್ಟಾದ ಜಾಗ ಹಿಡಿದು, ಕುರ್ಚಿ ಬಿಡಿಸಿ, ಗಾಳ ಹಾಕಿ ಕೂತುಬಿಟ್ಟ. ಅವನದು ಯಾವಾಗಲೂ ಹಾಗೆಯೇ: ಮೊದಲು ತನ್ನ ಸುಖ, ಆಮೇಲೆ ಮೀನಿನದು. ನಾನು ಚೀಲವನ್ನೂ ಇಳಿಸದೆ ದಡದುದ್ದಕ್ಕೂ ನಡೆದೆ. ಗೆಂಡೆಮೀನಿನ ಬೇಟೆಯಲ್ಲಿ ಮುಕ್ಕಾಲು ಪಾಲು ಕೆಲಸ ಮೀನು ಎಲ್ಲಿದೆ ಎಂದು ಹುಡುಕುವುದೇ. ಎರೆ ಯಾವುದು, ಕೋಲು ಯಾವುದು ಎಂಬ ಚರ್ಚೆಯೆಲ್ಲ ಆಮೇಲಿನದು.

ನಿನ್ನೆಯಿಂದ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿತ್ತು. ಹಾಗೆ ಬೀಸುವ ಗಾಳಿ ಬಿಸಿಲಿಗೆ ಕಾದ ಮೇಲ್ನೀರನ್ನೂ ಅದರ ಮೇಲೆ ತೇಲುವ ಹುಳುಹುಪ್ಪಟೆಯನ್ನೂ ಎದುರು ದಡಕ್ಕೆ ನೂಕುತ್ತದೆ. ಅಲೆ ಬಡಿದು ಅಲ್ಲಿನ ಕೆಸರು ಕದಡಿ, ಅಡಗಿದ್ದ ಹುಳುಗಳು ಹೊರಬೀಳುತ್ತವೆ. ಮೀನು ಅಲ್ಲಿ ಸೇರುತ್ತದೆ. ಮುಖಕ್ಕೆ ಗಾಳಿ ರಾಚುತ್ತದೆಂದು ಮನುಷ್ಯರು ಮಾತ್ರ ಅತ್ತ ಸುಳಿಯುವುದಿಲ್ಲ.

ಆ ದಡದ ಜೊಂಡಿನ ಅಂಚಿನಲ್ಲಿ ಕೊನೆಗೂ ಗುಳ್ಳೆಗಳು ಕಂಡವು. ಕೆರೆಯ ತಳದಿಂದ ಕೊಳೆತ ಎಲೆಯ ಗಾಳಿ ತಾನಾಗಿಯೇ ಏಳುವುದೂ ಉಂಟು, ಆದರೆ ಆ ಗುಳ್ಳೆಗಳು ನಿಂತಲ್ಲೇ ಏಳುತ್ತವೆ. ಇವು ಸಣ್ಣ ಸಣ್ಣವು, ಗೊಂಚಲಾಗಿ ಎದ್ದು, ತುಸು ಬಿಟ್ಟು ಒಂದು ಮೊಳ ಆಚೆ ಮತ್ತೆ ಏಳುತ್ತಿದ್ದವು. ಜೊತೆಗೆ ನೀರಿನಲ್ಲಿ ಮಸುಕಾದ ಕೆಸರಿನ ಮೋಡ. ಕೆಳಗೆ ಯಾರೋ ಮೂತಿಯನ್ನು ಕೆಸರಿಗಿಟ್ಟು ಊಟಕ್ಕೆ ಕೂತಿದ್ದಾರೆಂಬುದು ಖಚಿತವಾಯಿತು.

ಗೆಂಡೆಯ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಸಿಕ್ಕಿದ್ದನ್ನು ಕೆಸರಿನ ಸಮೇತ ಹೀರಿ, ಬಾಯೊಳಗೇ ಜಾಲಿಸಿ, ಬೇಡದ್ದನ್ನು ಉಗುಳುತ್ತದೆ. ಇದೇ ಅಭ್ಯಾಸವನ್ನು ನಂಬಿ 1980ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಲೆನ್ನಿ ಮಿಡ್ಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್ ‘ಹೇರ್ ರಿಗ್’ ರೂಪಿಸಿದರು. ಎರೆಯನ್ನು ಕೊಕ್ಕೆಗೆ ಚುಚ್ಚದೆ, ಕೊಕ್ಕೆಯಿಂದ ಇಳಿಬಿಟ್ಟ ಗಿಡ್ಡ ನೂಲಿಗೆ ಪೋಣಿಸುವುದು. ಎರೆಯ ಹಿಂದೆಯೇ ಬರಿಯ ಕೊಕ್ಕೆಯೂ ಬಾಯೊಳಗೆ ಹೋಗುತ್ತದೆ, ಉಗುಳುವಾಗ ತುಟಿಗೆ ಕಚ್ಚಿಕೊಳ್ಳುತ್ತದೆ. ನಾನು ಎರಡು ಜೋಳದ ಕಾಳು ಪೋಣಿಸಿ, ಗುಳ್ಳೆಗಳ ನಡುವೆ ಎಸೆಯದೆ, ಅವು ಸಾಗುತ್ತಿದ್ದ ದಾರಿಯಲ್ಲಿ ಸ್ವಲ್ಪ ಮುಂದಕ್ಕೆ ಇಳಿಸಿದೆ. ಗೆಂಡೆಯ ಕಿವಿ ಬಹಳ ಚುರುಕು. ದಾರಕ್ಕೆ ಕಟ್ಟಿದ ಸೀಸದ ಗುಂಡು ಅದರ ತಲೆಯ ಮೇಲೆ ಧೊಪ್ಪೆಂದರೆ ಆ ಬೆಳಗು ಮುಗಿದಂತೆಯೇ.

ಬಹಳ ಹೊತ್ತು ಏನೂ ಇಲ್ಲ. ಹತ್ತು ಗಂಟೆ ದಾಟಿದ ಮೇಲೆ ದಾರ ಒಮ್ಮೆ ಅದುರಿತು, ಮರುಕ್ಷಣ ರೀಲು ಕಿರುಚತೊಡಗಿತು. ಮೀನು ನೇರವಾಗಿ ಜೊಂಡಿಗೆ ನುಗ್ಗಿತು. ಕೋಲನ್ನು ಪಕ್ಕಕ್ಕೆ ವಾಲಿಸಿ, ಮೂತಿ ತಿರುಗುವವರೆಗೆ ಒತ್ತಡ ಬಿಡಲಿಲ್ಲ. ಕೈಬಲೆಗೆ ಬಂದಾಗ ನನ್ನ ತೋಳು ನಡುಗುತ್ತಿತ್ತು.

ಕೈ ಒದ್ದೆ ಮಾಡಿಕೊಂಡು, ನೆನೆಸಿದ ಚಾಪೆಯ ಮೇಲೆ ಮಲಗಿಸಿದೆ. ಒಣಗೈ ತಾಗಿದರೆ ಮೈಯ ಲೋಳೆ ಕಿತ್ತುಬರುತ್ತದೆ, ಅದೇ ಮೀನಿಗೆ ರಕ್ಷಾಕವಚ. ಹಳೆಯ ಹಿತ್ತಾಳೆಯ ಬಣ್ಣದ ಹುರುಪೆಗಳು, ಒಂದೊಂದರ ಅಂಚಿಗೂ ಕಪ್ಪು ಗೆರೆ. ಬಾಯ ಮೂಲೆಯಲ್ಲಿ ಉದ್ದನೆಯ ಮೀಸೆ, ಮೇಲ್ದುಟಿಯ ಮೇಲೆ ಅದಕ್ಕಿಂತ ಗಿಡ್ಡನೆಯ ಇನ್ನೊಂದು ಜೋಡಿ. ಬೆನ್ನಿನ ರೆಕ್ಕೆಯ ಮೊದಲ ಮುಳ್ಳು ಗರಗಸದಂತಿದ್ದು ಬಲೆಯ ಕಣ್ಣಿಗೆ ಸಿಕ್ಕಿಕೊಂಡಿತ್ತು. ಬಿಡಿಸುವುದರಲ್ಲಿ ಬೆರಳು ಕೊಯ್ದಿತು. ತೂಕ ನಾಲ್ಕು ಕಿಲೋ ಮೇಲೆ ಚೂರು.

ಅಷ್ಟರಲ್ಲಿ ಓಡಿಬಂದ ಗೆಳೆಯ, “ಇಷ್ಟೇನಾ? ಕಿರುಚಾಟ ಕೇಳಿ ತಿಮಿಂಗಿಲ ಅಂದುಕೊಂಡೆ” ಎಂದ. ಇಂಗ್ಲೆಂಡಿನ ಹೆಸರಾಂತ ಗಾಳಗಾರ ರಿಚರ್ಡ್ ವಾಕರ್ 1952ರಲ್ಲಿ ಅಲ್ಲಿನ ರೆಡ್‌ಮೈರ್ ಕೊಳದಲ್ಲಿ ಹಿಡಿದ 44 ಪೌಂಡಿನ ಗೆಂಡೆಯ ಕಥೆಯನ್ನು ಇನ್ನೊಮ್ಮೆ ಹೇಳಿದ. ಬೆಳಗಿನಿಂದ ಒಂದೂ ಕಚ್ಚಿಸಿಕೊಳ್ಳದವನಿಗೆ ಇತಿಹಾಸವೇ ಆಸರೆ. ನಾನು ಮೀನನ್ನು ನೀರಿನಲ್ಲಿ ನೆಟ್ಟಗೆ ಹಿಡಿದು, ಅದು ತಾನೇ ಬಾಲ ಬೀಸಿದ ಮೇಲೆ ಕೈಬಿಟ್ಟೆ.

ಮಧ್ಯಾಹ್ನ ಗಾಳಿ ಬಿದ್ದುಹೋಯಿತು, ಗುಳ್ಳೆಗಳೂ ನಿಂತವು. ಗೆಳೆಯ ಮಾತ್ರ ಸಂಜೆಯವರೆಗೂ ಮರದಡಿಯಿಂದ ಕದಲಲಿಲ್ಲ. ಮನೆಗೆ ಬಂದು ಬಲೆ, ಚಾಪೆ ತೊಳೆದು ಹರವಿದ್ದೇನೆ. ಗೆಂಡೆಯನ್ನು ಕೊಲ್ಲುವ ಹರ್ಪಿಸ್ ವೈರಾಣು ಒದ್ದೆ ಬಲೆಯ ಮೂಲಕವೂ ಕೆರೆಯಿಂದ ಕೆರೆಗೆ ದಾಟಬಲ್ಲದು. ಗೆಳೆಯನ ಬಲೆ ಇನ್ನೂ ಕಾರಿನ ಡಿಕ್ಕಿಯಲ್ಲೇ ಮುದ್ದೆಯಾಗಿ ಬಿದ್ದಿರುತ್ತದೆ. ನಾಳೆ ಫೋನ್ ಮಾಡಿ ಒಣಗಿಸಲು ಹೇಳಬೇಕು.