ಪೊಸಡಿಗುಂಪೆಗೆ ಸೈಕಲ್: ತಯಾರಿ ಎಲ್ಲಿಗೆ ಬಂತು

ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಸೈಕಲಿನಲ್ಲಿ ಧರ್ಮತ್ತಡ್ಕಕ್ಕೆ ಹೋಗಬೇಕು, ಅಲ್ಲಿಂದ ಪೊಸಡಿಗುಂಪೆ ಎಂಬ ಗುಡ್ಡೆಯನ್ನು ನಡೆದು ಹತ್ತಬೇಕು, ಕತ್ತಲಾಗುವ ಮೊದಲು ಮನೆ ಸೇರಬೇಕು. ಯೋಜನೆ ಇಷ್ಟೇ. ಹೊರಡುವವರು ನಮ್ಮ ಶಾಲೆಯ ಕೆಲವು ಮಾಷ್ಟ್ರುಗಳು, ಅವರ ಮಕ್ಕಳು, ಅರುವತ್ತು ದಾಟಿದ ನನ್ನ ಸೋದರಮಾವ, ಮತ್ತು ನಾನು. ದೊಡ್ಡ ಬೆಲೆಯ ಸೈಕಲ್ ಯಾರಲ್ಲೂ ಇಲ್ಲ. ಮಕ್ಕಳು ದಿನಾ ಶಾಲೆಗೆ ತರುವ ಸೈಕಲುಗಳಲ್ಲೇ ಆಗಬೇಕು.

ಅಕ್ಟೋಬರ್

ಮೊದಲ ತೀರ್ಮಾನ, ಕಡಲ ಬದಿ ಬೇಡ ಎಂದು. ಮಕ್ಕಳಿಗೆ ಬೇಕಲ ಕೋಟೆಯ ಆಸೆ ಇತ್ತು. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ, ಕೇರಳದಲ್ಲೇ ದೊಡ್ಡದು, ನೋಡಲೇಬೇಕಾದ್ದು ಹೌದು. ಆದರೆ ಅಲ್ಲಿಗೆ ಸೈಕಲಿನಲ್ಲಿ ಹೋಗುವುದೆಂದರೆ ಪೇಟೆ, ಬಸ್ಸು, ಲಾರಿಗಳ ನಡುವೆಯೇ ಹೋಗಬೇಕು. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಏಳನೇ ಕ್ಲಾಸಿನ ಹುಡುಗಿಯ ಹತ್ತಿರ ಸೈಕಲ್ ತುಳಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಬೇಕಲಕ್ಕೆ ರೈಲು ಇದೆ, ಇನ್ನೊಮ್ಮೆ ಹೋದರಾಯಿತು.

ಒಳದಾರಿ ಹೀಗೆ: ನೀರ್ಚಾಲು, ಬೇಳ, ಸೀತಾಂಗೋಳಿ, ಪುತ್ತಿಗೆ, ಅಂಗಡಿಮೊಗರು, ಪೆರ್ಮುದೆ, ಧರ್ಮತ್ತಡ್ಕ. ಒಂದು ಬದಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬಯಲುಸೀಮೆಯಾದರೆ ಇದು ಒಂದೂವರೆ ಗಂಟೆಯ ದಾರಿ. ಇಲ್ಲಿ ಹಾಗಲ್ಲ. ನಮ್ಮ ಹೊಳೆ, ತೋಡುಗಳು ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತವೆ. ಸೀತಾಂಗೋಳಿ ಕಳೆದ ಮೇಲೆ ನಾವು ಹೋಗುವುದು ಉತ್ತರಕ್ಕೆ. ಅಂದರೆ ಪ್ರತಿಯೊಂದನ್ನೂ ಅಡ್ಡ ದಾಟಬೇಕು. ಬೈಲಿಗೆ ಇಳಿ, ಗುಡ್ಡೆ ಹತ್ತು, ಮತ್ತೆ ಇಳಿ. ಇದರಲ್ಲಿ ಶಿರಿಯ ಹೊಳೆಯೇ ದೊಡ್ಡದು. ಕಾಸರಗೋಡಿನಲ್ಲಿ ಸೈಕಲ್ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಷ್ಟು ಏರು ಇದೆ, ಯಾವ ಏರು ಯಾವ ಬಿಸಿಲಿಗೆ ಸಿಗುತ್ತದೆ, ಗಾಳಿ ಯಾವ ಕಡೆಯದು ಎಂದು ನೋಡಿಯೇ ಹೊತ್ತಿನ ಲೆಕ್ಕ ಹಾಕಬೇಕು.

ಗಾಳಿಯ ಲೆಕ್ಕ ನಮಗೆ ಚೆನ್ನಾಗಿ ಕೂಡಿ ಬಂತು. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ನಿಧಾನವಾಗಿ ತಣಿಯುತ್ತದೆ. ಹಾಗಾಗಿ ಬೆಳಿಗ್ಗೆ ಪೂರ್ವದ ಕಡೆಯಿಂದ ತಂಪು ಗಾಳಿ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲ ಗಾಳಿ ಶುರುವಾಗುತ್ತದೆ. ನೀರ್ಚಾಲಿನಿಂದ ಸೀತಾಂಗೋಳಿಗೆ ಬೆಳಿಗ್ಗೆ ಪಶ್ಚಿಮಕ್ಕೆ ಹೋಗುತ್ತೇವೆ, ಸಂಜೆ ಅದೇ ದಾರಿಯಲ್ಲಿ ಪೂರ್ವಕ್ಕೆ ಬರುತ್ತೇವೆ. ಎರಡು ಸಲವೂ ಗಾಳಿ ಬೆನ್ನಿಗೆ! ದಿನದ ಕೊನೆಗೆ ಸುಸ್ತಾದ ಮಕ್ಕಳಿಗೆ ಇದು ಸಣ್ಣ ಸಹಾಯವಲ್ಲ.

ತಿಂಗಳನ್ನೂ ಆಗಲೇ ಗಟ್ಟಿ ಮಾಡಿದೆವು. ಅಕ್ಟೋಬರಿನಲ್ಲಿ ಪದವು, ಅಂದರೆ ಗುಡ್ಡೆಯ ಮೇಲಿನ ಬಯಲು, ಹಸಿರಾಗಿ ತುಂಬಾ ಚೆಂದ ಇರುತ್ತದೆ, ಕಲ್ಲಿನ ಪಳ್ಳಗಳಲ್ಲಿ ನೀರೂ ನಿಂತಿರುತ್ತದೆ. ಆದರೆ ಮಧ್ಯಾಹ್ನ ಕಳೆದರೆ ಗುಡುಗು, ಮಿಂಚು. ಮರವಿಲ್ಲದ ಬೋಳು ಗುಂಪೆಯ ಮೇಲೆ ಸಿಡಿಲಿನ ಹೊತ್ತಿಗೆ ಮಕ್ಕಳನ್ನು ಇಟ್ಟುಕೊಂಡು ನಿಲ್ಲುವ ಮಾತೇ ಇಲ್ಲ. ಒಳದಾರಿಗಳಲ್ಲಿ ಮಳೆಗಾಲದ ಪಾಚಿಯೂ ಪೂರ್ತಿ ಒಣಗಿರುವುದಿಲ್ಲ. ಡಿಸೆಂಬರೇ ಸರಿ.

ನವೆಂಬರ್

ಈ ತಿಂಗಳು ಸೈಕಲುಗಳ ಕೆಲಸ. ಮಾವನದ್ದು ಗೇರಿಲ್ಲದ ಹಳೆಯ ಸೈಕಲ್. ಚೈನ್ ಕೂರುವ ಹಲ್ಲುಚಕ್ರಕ್ಕೆ ಮುಂದೆ 44 ಹಲ್ಲು, ಹಿಂದಿನದಕ್ಕೆ (ಫ್ರೀವೀಲ್) 18. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಸಮತಟ್ಟಿನಲ್ಲಿ ಇದು ಸುಖ, ಏರಿನಲ್ಲಿ ಮಂಡಿಗೆ ಶಿಕ್ಷೆ. ಹೊಸ ಗೇರ್ ಸೈಕಲ್ ತೆಗೆಯೋಣ ಎಂದರೆ ಮಾವ ಕೇಳುವವರಲ್ಲ. ಅದನ್ನೇ ಸೈಕಲ್ ಅಂಗಡಿಗೆ ತೆಗೆದುಕೊಂಡು ಹೋದೆ.

"ಮಾಷ್ಟ್ರೇ, ಹಿಂದಿನ ಫ್ರೀವೀಲ್ ಒಂದು ಬದಲಿಸಿದರೆ ಸಾಕು. 22 ಹಲ್ಲಿನದ್ದು ಹಾಕುವಾ. ಚೈನಿಗೆ ಸ್ವಲ್ಪ ಉದ್ದ ಬೇಕು, ಅಷ್ಟೇ" ಎಂದರು ಅಂಗಡಿಯ ಅಣ್ಣ.

ಅವರು ಹಳೆಯ ಫ್ರೀವೀಲ್ ಬಿಚ್ಚಿದ ರೀತಿ ನೋಡಬೇಕಿತ್ತು. ಮೊದಲು ಸೀಮೆಎಣ್ಣೆ ಬಿಟ್ಟು ಚಹಾ ಕುಡಿದು ಬಂದರು. ಆಮೇಲೆ ಫ್ರೀವೀಲ್ ಬಿಚ್ಚುವ ಪುಲ್ಲರನ್ನು ವೈಸಿಗೆ ಕಚ್ಚಿಸಿ, ಚಕ್ರವನ್ನೇ ಸ್ಟೇರಿಂಗಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಂದು ಎಳೆತ ಎಳೆದರು. ಟಕ್ ಎಂದು ಸಡಿಲಿತು. ಈಗ ಒಂದು ಸುತ್ತಿಗೆ ಚಕ್ರ ಎರಡೇ ಸುತ್ತು. ಮಾವ ಬೇಳದ ಏರನ್ನು ಕೂತಲ್ಲಿಂದ ಏಳದೆ ಹತ್ತಿದರು. ಇಡೀ ತಯಾರಿಯಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಕೆಲಸ ಇದು. ಖರ್ಚೂ ಕಮ್ಮಿ. ಹೊಸ ಸೈಕಲ್ ತೆಗೆಯುವ ಮೊದಲು ಎಲ್ಲರೂ ಇದನ್ನು ಒಮ್ಮೆ ಮಾಡಿ ನೋಡಬೇಕು.

ಮಕ್ಕಳ ಸೈಕಲುಗಳಿಗೆ ಬ್ರೇಕಿನ ರಬ್ಬರ್ ಕಟ್ಟೆ ಹೊಸದು ಹಾಕಿಸಿದೆವು. ಬರುವಾಗ ಹೊಳೆಯ ಕಡೆಗೆ ಉದ್ದ ಇಳಿತ ಇದೆ, ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದರೆ ಬ್ರೇಕೇ ಗತಿ. ಇಳಿತದಲ್ಲಿ ಮುಂದೆ ಒಬ್ಬ ದೊಡ್ಡವರು, ಹಿಂದೆ ಒಬ್ಬರು, ಮಕ್ಕಳು ನಡುವೆ. ಮುಂದಿನವರನ್ನು ಯಾರೂ ದಾಟಬಾರದು. ಇದಕ್ಕೆ ವಿನಾಯಿತಿ ಇಲ್ಲ.

ಸುರಂಗ

ಗುಂಪೆಯ ಜೊತೆಗೆ ಮಕ್ಕಳಿಗೆ ತೋರಿಸಲೇಬೇಕು ಎಂದು ನಾನು ಹಟ ಹಿಡಿದದ್ದು ಸುರಂಗ. ಈ ಭಾಗದ ತೋಟಗಳಿಗೆ ನೀರು ಕೊಟ್ಟದ್ದೇ ಇವು. ಗುಡ್ಡೆಯ ಬದಿಗೆ ಮುರಕಲ್ಲನ್ನು (ಜಂಬಿಟ್ಟಿಗೆ) ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಹೋಗುವಷ್ಟೇ ಅಗಲದ ಮಾಟೆ ಮಾಡುತ್ತಾರೆ. ಒಳಗೆ ಒಸರು ಸಿಕ್ಕಿದರೆ ಪಂಪಿಲ್ಲದೆ, ಕರೆಂಟಿಲ್ಲದೆ ನೀರು ತಾನಾಗಿ ಹೊರಗೆ ಬರುತ್ತದೆ. ಉದ್ದವನ್ನು ಈಗಲೂ ಕೋಲಿನಲ್ಲೇ ಹೇಳುತ್ತಾರೆ. ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ.

ಧರ್ಮತ್ತಡ್ಕದ ಕಡೆ ಪರಿಚಯದ ಮನೆಯೊಂದರಲ್ಲಿ ಸುರಂಗ ಇದೆ. ಕೇಳಿಕೊಂಡು ಬರಲು ನಾನೊಬ್ಬನೇ ಹೋಗಿದ್ದೆ. ಬಾಯಿಯ ಹತ್ತಿರ ನಿಂತರೆ ಒಳಗಿನ ತಂಪು ಮುಖಕ್ಕೆ ಬಡಿಯುತ್ತದೆ. ಗೋಡೆಯಲ್ಲಿ ಪಿಕ್ಕಾಸಿನ ಏಟಿನ ಗುರುತು ಸಾಲಾಗಿ ಹಾಗೆಯೇ ಇದೆ. ಕೆಳಗೆ ಹೆಬ್ಬೆರಳು ದಪ್ಪದ ನೀರು, ಅದಕ್ಕೆ ಅಡಿಕೆ ಮರದ ದಂಬೆ ಕೊಟ್ಟು ಮಣ್ಣಿನ ಕೆರೆಗೆ ಬಿಟ್ಟಿದ್ದಾರೆ. ಮುರಕಲ್ಲು ಒಳಗೆ ಹಸಿ ಇರುವಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಆದ್ದರಿಂದಲೇ ಆಧಾರ ಕೊಡದೆ ಇದ್ದರೂ ಮಾಡು ಕುಸಿಯದೆ ನಿಂತಿದೆ.

ಮನೆಯ ಅಜ್ಜ ಹೇಳಿದರು: "ಮಕ್ಕಳು ಬಾಯಿಯ ಹತ್ತಿರ ನಿಂತು ನೋಡಲಿ. ಒಳಗೆ ಬೇಡ. ನಾವು ಕೊರೆಯುವಾಗಲೂ ಮೊಂಬತ್ತಿ ಹಿಡಿದುಕೊಂಡೇ ಹೋಗುತ್ತಿದ್ದದ್ದು. ಅದು ನಂದಿದರೆ ಹೊರಗೆ ಓಡಿ ಬರಬೇಕು, ಉಸಿರಾಡಲು ಗಾಳಿ ಇಲ್ಲ ಅಂತ ಅರ್ಥ."

ಅಜ್ಜನ ಮಾತೇ ಕೊನೆಯ ಮಾತು. ಮಧ್ಯಾಹ್ನದ ಊಟವೂ ಅವರಲ್ಲೇ. ಬೇಡವೆಂದರೂ ಬಿಡಲಿಲ್ಲ. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಮಜ್ಜಿಗೆ ಸಾಕು ಎಂದು ಒಪ್ಪಿಸಿದ್ದೇನೆ. ಎಣ್ಣೆತಿಂಡಿ ತಿಂದು ಸೈಕಲ್ ತುಳಿಯಲು ಆಗುವುದಿಲ್ಲ, ಅಲ್ವಾ?

ಡಿಸೆಂಬರ್

ಈಗಿನ ಸಮಯಪಟ್ಟಿ. ಈ ತಿಂಗಳು ಸೂರ್ಯ ಏಳುವುದು ಆರೂಮುಕ್ಕಾಲರ ಹೊತ್ತಿಗೆ, ಮುಳುಗುವುದು ಆರು ದಾಟಿದ ಕೂಡಲೇ. ಬೆಳಕು ಹರಿಯುವಾಗ ಹೊರಡುವುದು. ಸೀತಾಂಗೋಳಿಯಲ್ಲಿ ಚಹಾ, ಬನ್ಸ್. ಒಂಬತ್ತೂವರೆಗೆ ಗುಂಪೆಯ ಬುಡ ತಲುಪಬೇಕು. ಗುಂಪೆ ಸಮುದ್ರಮಟ್ಟದಿಂದ ಸಾವಿರ ಅಡಿಗೂ ಸ್ವಲ್ಪ ಮೇಲೆ, ಹತ್ತುವುದು ಕಷ್ಟವಲ್ಲ. ಆದರೆ ಮೇಲೆ ನೆರಳಿಲ್ಲ, ಹನ್ನೊಂದರ ಮೇಲೆ ಕಲ್ಲು ಕಾಯುತ್ತದೆ. ಆಕಾಶ ಶುಭ್ರ ಇದ್ದರೆ ಒಂದು ಕಡೆ ಅರಬ್ಬಿ ಕಡಲು, ಇನ್ನೊಂದು ಕಡೆ ಕುದುರೆಮುಖದ ಸಾಲು. ಬೇಗ ಹೋದಷ್ಟೂ ದೂರ ಕಾಣುತ್ತದೆ. ಮುಳಿಹುಲ್ಲು ಒಣಗಿ ನಿಂತಿರುವ ಕಾಲ, ಹಾಗಾಗಿ ಮೇಲೆ ಒಲೆ, ಬೆಂಕಿಪೆಟ್ಟಿಗೆ ಯಾವುದೂ ಇಲ್ಲ. ಪ್ಲಾಸ್ಟಿಕ್ ತಂದವರೇ ಕೆಳಗೆ ತರಬೇಕು.

ಊಟ, ವಿಶ್ರಾಂತಿ ಮುಗಿಸಿ ಮೂರಕ್ಕೆ ವಾಪಸ್.

ಅನಂತಪುರದ ಕೆರೆ ದೇವಸ್ಥಾನ ಈ ಸಲ ಇಲ್ಲ. ಮಕ್ಕಳಿಗೆ ಬೇಸರ ಇದೆ. ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ, 2023ರ ನವೆಂಬರಿನಲ್ಲಿ ಅಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದನ್ನು ನೋಡಬೇಕು ಎಂಬ ಆಸೆ. ಆದರೆ ಸಂಜೆ ನಡೆ ತೆರೆಯುವವರೆಗೆ ಕಾದರೆ ಕತ್ತಲಲ್ಲಿ ಸೈಕಲ್ ತುಳಿಯಬೇಕಾಗುತ್ತದೆ. ಅದರ ಬದಲು ಬೇಳದ ಇಗರ್ಜಿಯಲ್ಲಿ ನಿಲ್ಲುತ್ತೇವೆ. 1890ರ ಕಟ್ಟಡ, ಎತ್ತರದ ಗೋಥಿಕ್ ಮುಖ, ದಾರಿಯಲ್ಲೇ ಸಿಗುತ್ತದೆ. ಹೊರಡುವುದು ಕ್ರಿಸ್ಮಸ್ ರಜೆಯ ಭಾನುವಾರ, ಹಾಗಾಗಿ ಗೋದಲಿಯನ್ನೂ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ನೋಡಬಹುದು.

ಪ್ರತಿಯೊಬ್ಬರಿಗೂ ಎರಡು ಲೀಟರ್ ನೀರು, ಜೊತೆಗೆ ಉಪ್ಪು ಹಾಕಿದ ಪುನರ್ಪುಳಿ ಶರಬತ್ತು. ಗುಂಪಿಗೆ ಒಂದು ಪಂಪ್, ಪ್ಯಾಚ್ ಸಾಮಾನು, ಎರಡು ಸೈಜಿನ ಟ್ಯೂಬ್. ಯಾರಿಗಾದರೂ ಆಗುವುದಿಲ್ಲ ಎಂದಾದರೆ ಸೈಕಲ್ ಸಮೇತ ತರಲು ಪೆರ್ಮುದೆಯ ಪಿಕಪ್ಪಿನವರೊಬ್ಬರಿಗೆ ಹೇಳಿಟ್ಟಿದ್ದೇನೆ. ಬಾಕಿ ಇರುವುದು ಏಳನೇ ಕ್ಲಾಸಿನವಳ ಸೀಟು ಅರ್ಧ ಇಂಚು ಏರಿಸುವುದು, ಮತ್ತು ಅಂಗಡಿಮೊಗರಿನ ಏರನ್ನು ಮಾವನ ಜೊತೆ ಇನ್ನೊಮ್ಮೆ ಹತ್ತಿ ನೋಡುವುದು. ಎರಡೂ ಈ ಶನಿವಾರ.