ವಸ್ತಿ ಬಸ್ಸಿನ ಹಾರ್ನು ಕೇಳಿ ಮಲಗಿದ್ವಿ

ನಮ್ಮೂರಾಗ ನಾಳೆ ಮುಂಜಾನಿ ಬಸ್ಸು ಐತೋ ಇಲ್ಲೋ ಅನ್ನೋದು ಹಿಂದಿನ ರಾತ್ರಿನ ಗೊತ್ತಾಗತೈತಿ. ವಸ್ತಿ ಬಸ್ಸು ಒಂಬತ್ತರ ಸುಮಾರಿಗೆ ಹಣಮಪ್ಪನ ಗುಡಿ ಮುಂದ ಬಂದು ನಿಂತು ಒಂದ್ಸಲ ಹಾರ್ನ್ ಹೊಡೀತು ಅಂದ್ರ ಮುಗೀತು, ಅದ ಬಸ್ಸು ಮುಂಜಾನಿ ಆರಕ್ಕ ಹುಬ್ಬಳ್ಳಿಗೆ ತಿರುಗಿ ಹೋಗತೈತಿ, ಕಾಲೇಜ್ ಹುಡುಗ್ರು, ದವಾಖಾನಿಗೆ ಹೋಗೋರು, ಗೌಂಡಿ ಕೆಲಸದವ್ರು ಎಲ್ಲಾರೂ ನಿಶ್ಚಿಂತಿಯಿಂದ ಮಲಗತಾರ. ಹಾರ್ನ್ ಕೇಳಲಿಲ್ಲಂದ್ರ ನಮ್ಮವ್ವ ಊಟಕ್ಕ ಕುಂತಾಕಿ ಕೈ ನಿಲ್ಲಿಸಿ "ವಸ್ತಿ ಬಸ್ ಬಂದಂಗಿಲ್ಲ ನೋಡೋ" ಅಂತಾಳ. ಆಗಿನಿಂದನ ಯಾರ ಬೈಕ್ ಐತಿ, ಯಾರ ಟಂಟಂ ಹೊಂಟೈತಿ ಅಂತ ಫೋನ್ ಚಾಲೂ ಆಗತಾವು. ನಾ ಸಣ್ಣಾವ ಇದ್ದಾಗಿಂದ ಇದ ನಡದೈತಿ.

ಕಳದ ವರ್ಷ ಉತ್ತರಿ ಮಳ್ಯಾಗ ಮಾತ್ರ ಹಂಗಾಗಲಿಲ್ಲ. ರಾತ್ರಿ ಹಾರ್ನ್ ಕೇಳಿದ್ವಿ, ಮ್ಯಾಲ ಚುಕ್ಕಿ ಕಾಣಸತಿದ್ವು, ನಮ್ಮ ಎರಿ ಹೊಲದಾಗ ಕಾಲಿಗೆ ಹತ್ತೋವಷ್ಟೂ ಕೆಸರಿಲ್ಲ. ಮುಂಜಾನಿ ನಾನು, ನಮ್ಮಣ್ಣನ ಮಗಳು ಇಬ್ರೂ ಬಸ್ ಹತ್ತಿದ್ವಿ, ಆಕಿಗೆ ಹುಬ್ಬಳ್ಳ್ಯಾಗ ಡಿಗ್ರಿ ಕಾಲೇಜಿನ ಇಂಟರ್ನಲ್ ಟೆಸ್ಟು, ನನಗ ಅಂಗಡಿ ಲೆಕ್ಕ. ಬೆಣ್ಣಿಹಳ್ಳದ ಸೇತುವಿ ಹತ್ರ ಬಸ್ಸು ನಿಂತತು. ಡ್ರೈವರಣ್ಣ ಇಳದು ಹೋಗಿ ನೋಡಿ ಬಂದ, ಕೆಂಪು ನೀರು ಸೇತುವಿ ಕಟ್ಟಿ ಮ್ಯಾಲಿಂದ ಹರಿಯಾಕತ್ತಿತ್ತು, ಜಾಲಿ ಕಂಟಿ, ಜ್ವಾಳದ ದಂಟು ಎಲ್ಲಾ ತೇಲಿ ಬರಾಕತ್ತಿದ್ವು. ಆತ ಬಸ್ ಹಾಕಲಿಲ್ಲ, ಅದು ಸರಿನ, ಅಷ್ಟು ಮಂದಿ ಜೀವ ಅವನ ಕೈಯಾಗಿತ್ತು. ನನ್ನ ಬಾಜೂಕ ಕುಂತಿದ್ದ ಆಯಿ, ಕಣ್ಣಿನ ಆಪರೇಷನ್ನಿಗೆ ಹೊಂಟಾಕಿ, ದವಾಖಾನಿ ಚೀಟಿನ ಸೆರಗಿನ ಗಂಟಿನಾಗಿಂದ ತಗದು "ತಮ್ಮಾ, ಇವತ್ತಿನ ತಾರೀಖ ಅಲಾ ಇದು?" ಅಂತ ಎರಡ ಸಲ ಕೇಳಿದ್ಲು. ಹೌದಬೇ ಅನ್ನೂದ ಬಿಟ್ಟು ನನಗೇನೂ ಹೇಳಾಕ ಆಗಲಿಲ್ಲ.

ಬೆಣ್ಣಿಹಳ್ಳದ ಗುಣ ಗೊತ್ತಿರೋರಿಗೆ ಇದ್ರಾಗ ಆಶ್ಚರ್ಯ ಇಲ್ಲ. ಅದು ಶಿಗ್ಗಾಂವಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕು ದಾಟಿ ಮುಂದ ರೋಣ ತಾಲೂಕಿನ್ಯಾಗ ಮಲಪ್ರಭಾ ಸೇರತೈತಿ. ಮಳಿ ಆಗೋದು ಅಲ್ಲಿ ಮ್ಯಾಲಕ, ನೀರು ಬರೋದು ಇಲ್ಲಿ ನಮಗ, ಅದೂ ತಾಸುಗಟ್ಟಲೆ ಆದಮ್ಯಾಲ. ನಮ್ಮ ಮುಗಿಲು ನೋಡಿ ನಾವು ಹಳ್ಳ ಹ್ಯಾಂಗೈತಿ ಅಂತ ಹೇಳಾಕ ಆಗಂಗಿಲ್ಲ. ಯಾರರ ಹೇಳಬೇಕು.

ನನ್ನ ಹೊಟ್ಟಿ ಉರಿದದ್ದು ಇಲ್ಲೇ ನೋಡ್ರಿ, ಹೇಳೋ ಮನಷ್ಯಾ ಇದ್ದ. ಹಾಲಿನ ಗಾಡಿ ಹುಡುಗ ನಸುಕಿನ್ಯಾಗ ನಾಕಕ್ಕ ಆ ನೀರು ನೋಡಿ, ಫೋಟೋ ಹೊಡದು ಅವನ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕ್ಯಾನ. ಆ ಗ್ರೂಪಿನ್ಯಾಗ ನಮ್ಮೂರವ್ರು ಯಾರೂ ಇಲ್ಲ. ಅಂದ್ರ ಸುದ್ದಿ ಹುಟ್ಟಿ ಎರಡು ತಾಸು ಆಗಿತ್ತು, ನಮಗ ಅದು ಸಿಕ್ಕಿದ್ದು ಹಳ್ಳದ ದಂಡಿಗೆ ನಿಂತಾಗ. ಐದಕ್ಕ ಗೊತ್ತಾಗಿದ್ರ ಟಂಟಂ ಮಾಡಿಕೊಂಡು ಅಣ್ಣಿಗೇರಿಗೆ ಹೋಗಿ ಹುಬ್ಬಳ್ಳಿ ರೈಲು ಹಿಡಿಬಹುದಿತ್ತು, ಹುಡುಗಿ ಟೆಸ್ಟಿಗೆ ಮುಟ್ಟತಿದ್ಲು, ಆಯಿನೂ ಬರತಿದ್ಲು.

ಅವತ್ತಿನಿಂದ ಬ್ಯಾರೆ ಕಡೆ ಇದನ್ನ ಹ್ಯಾಂಗ ಮಾಡತಾರ ಅಂತ ಓದಾಕತ್ತೇನಿ. ಬಸ್ಸು ರೈಲಿನ ಆ ಹೊತ್ತಿನ ಸುದ್ದಿನ ಕಂಪ್ಯೂಟರ್ ಓದೋ ಹಂಗ ಬರದು ಹಂಚಾಕ ಜಿಟಿಎಫ್ಎಸ್ ರಿಯಲ್‌ಟೈಮ್ ಅಂತ ಒಂದು ಪದ್ಧತಿ ಐತಿ, 2011ರಾಗ ಬಂದದ್ದು, ಜಗತ್ತಿನ ಸಾಕಷ್ಟು ಊರಿನ ಬಸ್ಸು ಮೆಟ್ರೋದವ್ರು ಬಳಸತಾರ, ಗೂಗಲ್ ಮ್ಯಾಪಿನಂಥಾವೂ ಅದನ್ನ ಓದತಾವು. ಅದ್ರಾಗ ಬಸ್ಸು ಎಲ್ಲೈತಿ ಅನ್ನೋದು ಬ್ಯಾರೆ, ಎಷ್ಟು ತಡ ಐತಿ ಅನ್ನೋದು ಬ್ಯಾರೆ, ಅಲರ್ಟ್ ಅನ್ನೋದು ಬ್ಯಾರೆನ. ಆ ಅಲರ್ಟಿನ ಒಳಗ ಯಾವ ರೂಟಿಗೆ ಯಾವ ಸ್ಟಾಪಿಗೆ ತ್ರಾಸ ಆಗೈತಿ, ಕಾರಣ ಏನು, ಬಸ್ಸು ಪೂರ್ತಿ ಬಂದ್ ಐತೋ ಸುತ್ತು ಹಾಕಿ ಹೋಗತೈತೋ, ಯಾವಾಗಿಂದ ಯಾವಾಗಿನ ತನಕ, ಇವೆಲ್ಲಾ ಬಿಡಿಬಿಡಿಯಾಗಿ ತುಂಬಬಹುದು. ಕಾರಣದ ಪಟ್ಟಿನ್ಯಾಗ ಹವಾಮಾನ, ಮುಷ್ಕರ, ಅಪಘಾತ, ರಸ್ತೆ ಕೆಲಸ ಎಲ್ಲಾ ಅದಾವು. ಓದಿದ ಕೂಡ್ಲೇ ನನಗ ಅನಿಸಿದ್ದು, ಹಾಲಿನ ಗಾಡಿ ಹುಡುಗನ ಫೋಟೋದಾಗ ಇದ್ರಾಗಿಂದು ಅರ್ಧ ಇತ್ತು, ಇಲ್ಲದ್ದು ಅಂದ್ರ ಅದು ಯಾರಿಗೆ ಮುಟ್ಟಬೇಕು ಅನ್ನೋದೊಂದ.

ಮುಟ್ಟಸೋದು ಹ್ಯಾಂಗ? ರೈಲಿನ್ಯಾಗ ರಿಸರ್ವೇಷನ್ ಮಾಡಿಸಿದ್ರ ರೈಲು ರದ್ದಾತು ಅಂತ ಮೆಸೇಜ್ ಬರತೈತಿ, ಯಾಕಂದ್ರ ಟಿಕೀಟಿನ ಜೋಡಿ ಮೊಬೈಲ್ ನಂಬರ್ ಇರತೈತಿ. ಕೌಂಟರಿನ್ಯಾಗ ತಗೊಂಡ ಜನರಲ್ ಟಿಕೀಟಿಗೆ ನಂಬರ್ ಇಲ್ಲ, ಹಿಂಗಾಗಿ ದಿನಾ ಓಡಾಡೋರು 139ಕ್ಕ ತಾವ ಫೋನ್ ಮಾಡಿ ಕೇಳಬೇಕು. 2023ರ ಅಕ್ಟೋಬರದಾಗ ಎಲ್ಲಾರ ಮೊಬೈಲೂ ಒಮ್ಮೆಲೇ ಕುಂಯ್ ಅಂತ ಒದರಿದ್ದು ನೆನಪೈತೇನ್ರಿ, ಅದು ವಿಪತ್ತಿನ ಅಲರ್ಟಿನ ಟೆಸ್ಟು. ಅದಕ್ಕ ನಂಬರ್ ಬೇಕಾಗಿಲ್ಲ, ಆ ಭಾಗದ ಟವರ್‌ಗೆ ಹತ್ತಿದ ಫೋನಿಗೆಲ್ಲಾ ಹೋಗತೈತಿ. ಆದ್ರ ದಿನದ ಬಸ್ಸಿಗೆ ಅದು ಹೊಂದಂಗಿಲ್ಲ, ಒಂದು ಬಸ್ಸಿನ ಸಲುವಾಗಿ ನಾಕು ಊರಿನ ಕೂಸುಗಳನ್ನ ಎಬ್ಬಿಸಿದ್ರ ಎರಡನೇ ಸಲಕ್ಕ ಮಂದಿ ಅದನ್ನ ಬಂದ್ ಮಾಡಿ ಇಡತಾರ. ವಾಟ್ಸಾಪ್ ಗ್ರೂಪಿಂದೂ ಅದ ಕಥಿ, ಗುಡ್ ಮಾರ್ನಿಂಗ್ ಹೂವಿನ ನಡುವ ಹಳ್ಳದ ಫೋಟೋ ಕಳದು ಹೋಗತೈತಿ.

ನನಗ ಹೊಳದದ್ದು ಬಸ್ ಪಾಸು. ನಮ್ಮ ಓಣಿ ಹುಡುಗನ ಪಾಸಿಗೆ ಸರಕಾರದ ಸೇವಾ ಸಿಂಧು ವೆಬ್‌ಸೈಟಿನ್ಯಾಗ ಅರ್ಜಿ ಹಾಕುವಾಗ ನಾನ ಬಾಜೂಕ ಕುಂತಿದ್ದೆ. ಮೊಬೈಲ್ ನಂಬರ್ ಕೊಟ್ವಿ, ಯಾವ ಊರಿಂದ ಯಾವ ಊರಿಗೆ ಅಂತ ತುಂಬಿದ್ವಿ. ಅಂದ್ರ ಯಾವ ರೂಟಿನ ಬಸ್ ನಿಂತ್ರ ಯಾರಿಗೆ ತಿಳಸಬೇಕು ಅನ್ನೋದು ಆಗಲೇ ಬರಕೊಂಡು ಆಗೈತಿ! ಹೊಸ ಆ್ಯಪ್ ಬ್ಯಾಡ, ದೊಡ್ಡ ಖರ್ಚು ಬ್ಯಾಡ. ಡಿಪೋದಾಗ ಕುಂತವ್ರು ಒಂದು ರೂಟ್ ಆರಿಸಿ ಒಂದು ಮೆಸೇಜ್ ಬಿಟ್ರ ಆ ರೂಟಿನ ಪಾಸಿನವ್ರಿಗೆಲ್ಲಾ ಹೋಗಬೇಕು, ಉಳದವ್ರಿಗೆ ಹೋಗಬಾರದು. ಒಂದು ಮನಿ ಹುಡುಗನಿಗೆ ಗೊತ್ತಾದ್ರ ಓಣಿಗೆಲ್ಲಾ ಗೊತ್ತಾಗತೈತಿ, ಅದರ ಬಗ್ಗೆ ನನಗ ಚಿಂತಿಲ್ಲ. ಪಾಸ್ ಇಲ್ಲದವ್ರ ಸಲುವಾಗಿ ಒಂದು ಮಿಸ್ಡ್ ಕಾಲ್ ಕೊಟ್ಟು ತಮ್ಮ ರೂಟಿಗೆ ಹೆಸರು ಹಚ್ಚೋ ಹಂಗ ಮಾಡಬಹುದು. ಆಯಿಯಂಥವ್ರ ಕೈಯಾಗ ಬಟನ್ ಫೋನ್ ಇರತೈತಿ, ಅಕ್ಷರ ಓದಾಕ ಬರಂಗಿಲ್ಲ, ಅವ್ರಿಗೆ ಕನ್ನಡದಾಗ ಮಾತಾಡೋ ಕಾಲ್ ಹೋಗಲಿ. ಶಕ್ತಿ ಯೋಜನೆ 2023ರ ಜೂನದಾಗ ಚಾಲೂ ಆದಮ್ಯಾಲ ನಮ್ಮ ಬಸ್ಸಿನ್ಯಾಗ ಹೆಣಮಕ್ಕಳ ಭಾಳ ಮಂದಿ. ಟಿಕೀಟಿನ ರೊಕ್ಕ ಉಳದೈತಿ, ಖರೆ ಐತಿ, ಆದ್ರ ಅರ್ಧ ದಾರಿಯಿಂದ ತಿರುಗಿ ಬಂದ ದಿನ ಆ ದಿನದ ಪಗಾರ ಹೋಗತೈತಿ.

ಮೆಸೇಜ್ ಹಿಂಗಿರಲಿ: "ಬೆಣ್ಣಿಹಳ್ಳ ತುಂಬೈತಿ, ಆರರ ಹುಬ್ಬಳ್ಳಿ ಬಸ್ ಹೋಗಂಗಿಲ್ಲ, ಅಣ್ಣಿಗೇರಿ ಮ್ಯಾಲ ಹೋಗ್ರಿ, ಮತ್ತ ಎಂಟಕ್ಕ ತಿಳಸತೇವಿ." ಆ ಎಂಟಕ್ಕ ತಿಳಸತೇವಿ ಅನ್ನೋದು ಭಾಳ ಬೇಕು. ಬಂದ್ ಆದದ್ದು ಹೆಂಗರ ಕಿವಿಗೆ ಬೀಳತೈತಿ, ಚಾಲೂ ಆದದ್ದು ಮಾತ್ರ ಯಾರೂ ಹೇಳಂಗಿಲ್ಲ. ಅವತ್ತ ಹತ್ತೂವರಿಗೆ ನೀರು ಇಳದು ಬಸ್ಸು ಬಿಟ್ಟಿದ್ರಂತ, ನಮಗ ಗೊತ್ತಾಗಿದ್ದು ಸಂಜಿಗೆ. ಅಷ್ಟೊತ್ತಿಗೆ ಆಯಿ ಚೀಟಿನ ಮತ್ತ ಸೆರಗಿಗೆ ಗಂಟು ಹಾಕ್ಕೊಂಡು ಮನಿಗೆ ಹೋಗಿದ್ಲು.

ಹಾಲಿನ ಗಾಡಿ ಹುಡುಗನ ನಂಬರ್ ನಾ ಈಗ ತಗೊಂಡೇನಿ. ಹಳ್ಳ ಏರಿದ್ರ ನಾಕಕ್ಕ ಇರಲಿ ಮೂರಕ್ಕ ಇರಲಿ ಫೋನ್ ಮಾಡೋ ತಮ್ಮಾ ಅಂತ ಹೇಳೇನಿ, ಈ ಮಳಿಗಾಲದಾಗ ಎರಡು ಸಲ ಮಾಡ್ಯಾನ. ಎರಡೂ ಸಲ ನಮ್ಮ ಹುಡುಗಿ ಹೊತ್ತಿಗೆ ಸರಿಯಾಗಿ ಕಾಲೇಜು ಮುಟ್ಟ್ಯಾಳ.